ಕ್ಯಾಸೆಟ್ಟಿಗೆ ಜೀವಾವಧಿ

“ಕೀಲಿ ಕೊಡು, ನಾಗವ್ವ.”

“ಕೊಡೂದಿಲ್ಲ.”

“ಅದೇನು ಕ್ಯಾಸೆಟ್ಟೋ, ಕೈದಿಯೋ?”

ನಾಗವ್ವ ಗಂಡನಿಗೆ ಬೆನ್ನು ತಿರುಗಿಸಿದಳು. ಸೊಂಟದ ಕೀಲಿಗೊಂಚಲನ್ನು ಸೆರಗಿನೊಳಗೆ ತಳ್ಳಿ ರೊಟ್ಟಿ ಬಡಿಯತೊಡಗಿದಳು. ಸಿಟ್ಟಿನಲ್ಲಿ ಬಡಿದ ರೊಟ್ಟಿ ಯಾವಾಗಲೂ ತೆಳ್ಳಗೆ ಬರುತ್ತಿತ್ತು. ಅಂದು ಶಿವಪುತ್ರಪ್ಪನಿಗೆ ಸಿಕ್ಕ ರೊಟ್ಟಿಯ ಮೂಲಕ ಪೇಪರು ಓದಬಹುದಿತ್ತು.

ಅವನ ಪ್ರಶ್ನೆ ನ್ಯಾಯವಾದದ್ದೇ. ಪುಣೆಯ ಹಡಪಸರದ ಆ ಎರಡು ಕೋಣೆಯ ಮನೆಯಲ್ಲಿ ಟಿವಿ ಗೇಮಿನ ಹಳದಿ ಕ್ಯಾಸೆಟ್ಟೊಂದು ಜೀವಾವಧಿ ಶಿಕ್ಷೆ ಅನುಭವಿಸುತ್ತಿತ್ತು. ಕ್ಯಾಸೆಟ್ಟು ಪ್ಲಾಸ್ಟಿಕ್ ಚೀಲದಲ್ಲಿ, ಚೀಲದ ಬಾಯಿಗೆ ದಾರದ ಬಿಗಿ ಗಂಟು. ಚೀಲ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಕಪಾಟಿನಲ್ಲಿ. ಪೆರೋಲೂ ಇಲ್ಲ.

ಅಪರಾಧ ಓಣಿಗೆಲ್ಲ ಗೊತ್ತಿತ್ತು. ಮಗ ಅಂಬಾದಾಸ ಆ ಆಟ ಆಡುತ್ತಲೇ ಟಿವಿ ಮುಂದೆ ಕುಸಿದಿದ್ದ. ಆಟದ ಗೊಂಬೆಗೆ ಮೂರು ಜೀವ. ಅವನಿಗೆ ಒಂದೇ, ಅದೂ ಉಬ್ಬಸದ್ದು. ರಿಕ್ಷಾ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಮನೆಗೆ ಬಂದ ನಾಗವ್ವ, ಅಳುವುದಕ್ಕೂ ಮೊದಲು, ಕ್ಯಾಸೆಟ್ಟನ್ನು ಕಿತ್ತು ಚೀಲಕ್ಕೆ ಹಾಕಿ ಗಂಟು ಬಿಗಿದಳು. ಮಗನನ್ನು ನುಂಗಿದ ಆಟದ ಮೇಲೆ ತಾಯಿಗೆ ಸಿಟ್ಟಿರಬಾರದೇ? ಎಲ್ಲರೂ ಹಾಗೇ ಅಂದುಕೊಂಡರು. ಶಿವಪುತ್ರಪ್ಪನೂ.

ಅದು ತೊಂಬತ್ತಾರರ ಮಾತು. ಆಗ ತೊಡೆಯ ಮೇಲಿದ್ದ ಮಗಳು ಆರತಿಗೆ ಈಗ ಅಣ್ಣ ಹೋದಾಗಿನ ವಯಸ್ಸು. ಅಣ್ಣನ ಮುಖ ಮಾತ್ರ ನೆನಪಿಲ್ಲ. ಫೋಟೋದಲ್ಲಿ ಅವನು ಶಾಲೆಯ ಟೈ ಕಟ್ಟಿಕೊಂಡು, ತಾನೇ ಹೆಡ್‌ಮಾಸ್ತರನ ಹಾಗೆ ನಿಂತಿದ್ದಾನೆ.

“ಅಣ್ಣ ಆಡ್ತಿದ್ನಲ್ಲ, ಅದನ್ನ ನಾ ಒಮ್ಮೆ ಆಡಬೇಕವ್ವಾ,” ಎಂದು ಹಟ ಹಿಡಿದಿದ್ದಳು. ಬೇಕಾಗಿದ್ದದ್ದು ಅಣ್ಣ. ಸಿಗಬಹುದಾಗಿದ್ದದ್ದು ಆಟ.

ಸಂಧಾನಕ್ಕೆ ಬಂದವನು ಕಿಶೋರ. ಹತ್ತಿರದ ಗಾಡಿತಳ ಬಸ್‌ಸ್ಟಾಪಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿದ್ದ ಸೊಲ್ಲಾಪುರದ ಹುಡುಗ. ಕಂಪ್ಯೂಟರಂತೂ ಮನೆಯಲ್ಲಿತ್ತು. ಶಿವಪುತ್ರಪ್ಪ ಗುಮಾಸ್ತನಾಗಿದ್ದ ಕಚೇರಿಯಲ್ಲಿ ಗುಮಾಸ್ತರಿಗಿಂತ ಮೊದಲು ನಿವೃತ್ತಿಯಾಗುತ್ತಿದ್ದದ್ದು ಕಂಪ್ಯೂಟರುಗಳೇ.

“ಕಾಕೂ, ಎಮ್ಯುಲೇಟರ್ ಅಂತ ಬರ್ತದ. ಹಗಲುವೇಷದವರು ಇರ್ತಾರಲ್ಲ, ಹಂಗ. ಕಂಪ್ಯೂಟರ್ ಹಳೇ ಗೇಮಿನ ವೇಷ ಹಾಕ್ತದ. ಆಟ ಫೈಲಿನ್ಯಾಗ ಇರ್ತದ. ಕ್ಯಾಸೆಟ್ ಬ್ಯಾಡ, ಧೂಳಿಲ್ಲ, ಊದೂದಿಲ್ಲ.”

“ಊದೂದು ಬ್ಯಾಡ?”

“ಏನೂ ಬ್ಯಾಡ.”

“ಖರೇ ಹೇಳು. ಯಾರೂ ಊದೂದಿಲ್ಲ?”

ಕಿಶೋರ ನಕ್ಕ. ನಗು ಬರುವಂಥದ್ದೇ. ಟಿವಿ ಗೇಮಿನ ಕಾಲದಲ್ಲಿ ಆಟ ಶುರುವಾಗದಿದ್ದರೆ ಪುಣೆಯ ಮಕ್ಕಳಿಗೆಲ್ಲ ಗೊತ್ತಿದ್ದ ಚಿಕಿತ್ಸೆ ಒಂದೇ: ಕ್ಯಾಸೆಟ್ಟು ತೆಗಿ, ಬುಡಕ್ಕೆ ಫೂ ಎಂದು ಊದು, ಮತ್ತೆ ಹಾಕು. ಕೊಳಲು ಮುಟ್ಟದವರೂ ಕ್ಯಾಸೆಟ್ಟು ಊದಿ ಹಾಡಿಸಿದವರೇ.

“ಹಾಕು ಮತ್ತ,” ಅಂದಳು ನಾಗವ್ವ. ಮುಖ ಸಡಿಲಾಗಿತ್ತು.

ಅಡ್ಡಿ ಬಂದದ್ದು ಹೆಸರಿನದು. ಕ್ಯಾಸೆಟ್ಟಿನ ಚೀಟಿ ಎಂದೋ ಹರಿದುಹೋಗಿತ್ತು. ಆಟ ಯಾವುದೆಂದು ಯಾರಿಗೂ ಗೊತ್ತಿಲ್ಲ. ಹಳೇ ಟಿವಿ ಗೇಮಿಗೆ ಒಮ್ಮೆ ಹಾಕಿ ನೋಡಿದರೆ ಹೆಸರು ಕಾಣುತ್ತದೆ ಎಂದ ಕಿಶೋರ. ಅಲ್ಲಿಂದಲೇ ಕೀಲಿಯ ಜಗಳ ಹುಟ್ಟಿದ್ದು, ರೊಟ್ಟಿ ತೆಳ್ಳಗಾದದ್ದು.

ಬಗೆಹರಿಸಿದವಳೂ ನಾಗವ್ವನೇ. ಅಂಬಾದಾಸ ಆಡುವಾಗ ಅವನ ಹಿಂದೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದವಳು ಅವಳು. ಮರುದಿನ ಕಿಶೋರ ಒಂದೊಂದೇ ಆಟ ತೆರೆದ. ಅವಳು ಪರದೆಗೆ ಬೆನ್ನು ಹಾಕಿ, ಬರೀ ಸಂಗೀತ ಕೇಳಿ, “ಅಲ್ಲ… ಇದಲ್ಲ…” ಅನ್ನುತ್ತ ಹೋದಳು. ಎಷ್ಟನೆಯದಕ್ಕೋ “ಅಲ್ಲ” ಬರಲಿಲ್ಲ. ಕಿಶೋರ ತಿರುಗಿ ನೋಡಿದ. ಬಳ್ಳೊಳ್ಳಿ ಸುಲಿಯುವ ಕೈ ನಿಂತಿತ್ತು.

ಆರತಿ ಆಡಿದಳು. ಗೊಂಬೆ ಓಡಿತು, ಹಾರಿತು. ಕಾಲಡಿಯ ಸೇತುವೆ ಮುರಿದು ನೀರಿಗೆ ಬಿತ್ತು.

“ಅಯ್ಯೋ ಅವ್ವಾ!”

“ಅಂವನೂ ಅಲ್ಲೇ ಬೀಳ್ತಿದ್ದ,” ಅಂದಳು ನಾಗವ್ವ. “ಹಿಂಗ ಒದರ್ತಿದ್ದ.”

ಅಂದು ಎಲ್ಲರೂ ಅತ್ತರು, ಎಲ್ಲರೂ ಉಂಡರು. ರೊಟ್ಟಿ ದಪ್ಪಗಿತ್ತು.

ರೊಟ್ಟಿಯ ದಪ್ಪದಿಂದ ಶಿವಪುತ್ರಪ್ಪ ಹವಾಮಾನ ಓದಿದ. ಸಿಟ್ಟು ಇಳಿದಿದೆ, ಕೈದಿಯನ್ನು ಬಿಡಬಹುದು. ವೇಷ ಎಷ್ಟಾದರೂ ವೇಷ. ಮಗಳಿಗೆ ಅಣ್ಣ ಮುಟ್ಟಿದ್ದೇ ಸಿಗಲಿ.

ಭಾನುವಾರ ಬೆಳಿಗ್ಗೆ ನಾಗವ್ವ ತಲೆಗೆ ನೀರು ಹಾಕಿಕೊಳ್ಳಲು ಹೋದಾಗ ಕೀಲಿಗೊಂಚಲು ಮೊಳೆಯಲ್ಲಿ ತೂಗುತ್ತಿತ್ತು. ಕಪಾಟು ತೆರೆಯಿತು. ಚೀಲದ ಗಂಟು ಬಿಚ್ಚಲು ಬರಲಿಲ್ಲ, ಶಿವಪುತ್ರಪ್ಪ ಹಲ್ಲಿನಿಂದ ಕಡಿದ. ಅಟ್ಟದಿಂದ ಹಳೇ ಗೇಮು ಇಳಿಸಿ, ಟಿವಿಗೆ ಜೋಡಿಸಿ, ಕ್ಯಾಸೆಟ್ಟು ಹಾಕಿದ. ಪರದೆ ತುಂಬ ಬೂದು ಪಟ್ಟಿಗಳು. ಆರತಿಯ ಮುಖ ಸಣ್ಣದಾಯಿತು.

ಚಿಕಿತ್ಸೆ ಶಿವಪುತ್ರಪ್ಪನಿಗೂ ಗೊತ್ತಿತ್ತು.

ನಾಗವ್ವ ಒದ್ದೆ ಕೂದಲಲ್ಲಿ ಹೊರಬಂದಾಗ ಮನೆ ತುಂಬ ಅದೇ ಸಂಗೀತ.

“ಅವ್ವಾ, ಅಣ್ಣಂದು! ಖರೇನ ಅಣ್ಣಂದು!” ಆರತಿ ಕುಣಿಯುತ್ತಿದ್ದಳು.

“ಚಾಲೂನ ಆಗ್ತಿದ್ದಿಲ್ಲ,” ಶಿವಪುತ್ರಪ್ಪ ಹೆಮ್ಮೆಯಿಂದ ಹೇಳಿದ. “ಗಟ್ಟ್ಯಾಗಿ ಊದಿದೆ ನೋಡು, ಹೊಟ್ಟ್ಯಾಗಿನ ದಮ್ಮೆಲ್ಲಾ ಹಾಕಿ. ಜೀವ ಬಂತು.”

ನಾಗವ್ವ ನೆಲದ ಮೇಲೆ ಬಿದ್ದಿದ್ದ ಚೀಲ ಎತ್ತಿಕೊಂಡಳು. ಒಳಗೆ ಇಣುಕಿದಳು. ಖಾಲಿ ಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಕೊನೀ ಸಲ ಅದನ್ನ ಊದಿದಾಂವ ನಮ್ಮ ಅಂಬಾದಾಸ,” ಅಂದಳು. “ಅವನ ಉಸಿರು ಅದರಾಗಿತ್ತರೀ.”