ಮಂತ್ರಿಸಿದ ಅಕ್ಕಿ

ಇವತ್ತಿಗೂ ಅಕ್ಕಿ ಆರಿಸುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ, ಮಕ್ಕಳೇ, ನನಗೆ ಮಾಕಳಿಯ ನಮ್ಮ ಅಂಗಳ ನೆನಪಾಗುತ್ತದೆ.

ಆಗ ನಮ್ಮ ತಾಮ್ರದ ಹಂಡೆ ಕಳುವಾಗಿತ್ತು. ಕಳ್ಳತನವಾದರೆ ಊರಿನವರು ಪೊಲೀಸರನ್ನು ಕರೆಯುತ್ತಿರಲಿಲ್ಲ. ಯಾರ ಮೇಲೆ ಅನುಮಾನವೋ ಅವರಿಗೆ ಪೂಜಾರಿ ಮಂತ್ರಿಸಿದ ಅಕ್ಕಿಯನ್ನು ಅಗಿಯಲು ಕೊಡುತ್ತಿದ್ದರು. ಕದ್ದವರ ಬಾಯಲ್ಲಿ ಎಂಜಲು ಊರುವುದಿಲ್ಲ, ಉಗಿದ ಅಕ್ಕಿ ಒಣಗಿಯೇ ಇರುತ್ತದೆ ಎಂಬುದು ನಂಬಿಕೆ.

ಮನೆಯವರಿಗೆಲ್ಲ ಅನುಮಾನ ಇದ್ದದ್ದು ಸರೋಜಮ್ಮನ ಮೇಲೆ. ಅವಳು ಪೀಣ್ಯದ ಕಾರ್ಖಾನೆಗೆ ಹೋಗುತ್ತಾ, ನಮ್ಮ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ಒಬ್ಬಳೇ ಇದ್ದಳು.

"ಚೆನ್ನಾಗಿ ಅಗಿಯೇ. ಊರು ಬಿಟ್ಟು ಯಾಕ್ ಬಂದೆ ಅಂತ ಇವತ್ತು ಗೊತ್ತಾಯ್ತದೆ" ಎಂದಳು ಅಜ್ಜಿ.

"ನಾನೊಬ್ಳೇನಾ? ಮನೆಯವ್ರೂ ಅಗೀಲಿ ಕಣಮ್ಮ" ಎಂದಳು ಸರೋಜಮ್ಮ.

ಸುತ್ತ ನಿಂತವರು ನಕ್ಕರು. ಕೆಲಸವಿಲ್ಲದೆ ಇಸ್ಪೀಟಾಡಿಕೊಂಡಿದ್ದ ನಮ್ಮ ಚಿಕ್ಕಪ್ಪ, "ಕೊಡಿ ಇಲ್ಲಿ, ನಂಗೇನ್ ಭಯ" ಎಂದು ತಾನೂ ಒಂದು ಹಿಡಿ ಬಾಯಿಗೆ ತುಂಬಿಕೊಂಡ.

ಇಬ್ಬರೂ ಮುತ್ತುಗದ ಎಲೆಗಳ ಮೇಲೆ ಉಗಿದರು. ಸರೋಜಮ್ಮನ ಅಕ್ಕಿ ರುಬ್ಬಿದ ಹಿಟ್ಟಿನಂತೆ ನುಣ್ಣಗೆ ಹರಡಿತು. ಚಿಕ್ಕಪ್ಪನದು ನುಚ್ಚಿನಂತೆ ಉದುರಿತು.

ತಾತ ಆ ಎರಡೂ ಎಲೆಗಳನ್ನು ಎತ್ತಿ ಕೋಳಿಗಳ ಕಡೆ ಎಸೆದರು.

"ಪೂಜಾರಿ ಹಳೇ ಅಕ್ಕಿ ಕೊಟ್ಟವ್ನೆ" ಎಂದರು. ಆಮೇಲೆ ಸರೋಜಮ್ಮನ ಕಡೆ ತಿರುಗಿ, "ಸಂಜೆ ಒಳಗೆ ರೂಮು ಖಾಲಿ ಮಾಡು" ಎಂದರು.

ಅವಳು ಬಾಯಿ ಮುಕ್ಕಳಿಸಲು ಒಂದು ಚೊಂಬು ನೀರು ಕೇಳಿದಳು. ಅಜ್ಜಿ ಒಳಗಿಂದ ನೀರು ತಂದು ಚಿಕ್ಕಪ್ಪನ ಕೈಗೆ ಕೊಟ್ಟಳು.