ಐದು ಉಸಿರು

ನಾಲ್ಕನೇ ಟೇಕಿಗೆ ನಿರ್ದೇಶಕ ಇನ್ನಷ್ಟು ಹೊಗೆ ಕೇಳಿದ. ಹೊಗೆಯವನು ಡ್ರೈ ಐಸಿನ ತುಂಡುಗಳನ್ನು ಬಿಸಿನೀರಿನ ಡ್ರಮ್ಮಿಗೆ ಸುರಿದ. ಬೆಳ್ಳಗಿನ ಮಂಜು ಬುಸುಗುಟ್ಟುತ್ತ ಎದ್ದು, ಮೇಲೆ ಹೋಗದೆ ನೀರಿನ ಹಾಗೆ ನೆಲದ ಮೇಲೆ ಹರಿಯಿತು. ಸೆಟ್ಟಿನ ನಡುವೆ, ಕಾಡುಕಾವಲುಗಾರನ ವೇಷದ ಹಿರಿಯ ನಟನ ತೊಡೆಯ ಮೇಲೆ ಗುಂಡೇಟು ತಿಂದ ಕರಡಿ ಮಲಗಿತ್ತು. ಅಕ್ಕ ತಂಗಿ ಸೇರಿ ಎಂಟು ತಿಂಗಳು ಹೊಲಿದ ಗೊಂಬೆ ಕರಡಿ. ಅಕ್ಕ ಅದರ ಅಡಿಯಲ್ಲಿ, ಹಲಗೆ ನೆಲದ ಕೆಳಗಿನ ಇಕ್ಕಟ್ಟಾದ ಗುಂಡಿಯಲ್ಲಿ ಅಂಗಾತ ಮಲಗಿದ್ದಳು. ಅವಳ ಬಲಗೈ ಕರಡಿಯ ಎದೆ ತಲೆಗಳೊಳಗೆ, ಎಡಗೈ ಪಂಜದೊಳಗೆ. ತಂಗಿ ಕ್ಯಾಮೆರಾದ ಪಕ್ಕ ರಿಮೋಟು ಹಿಡಿದು ಕೂತಿದ್ದಳು. ಕರಡಿಯ ಕಣ್ಣು ಆಡಿಸುವುದು ಅವಳ ಕೆಲಸ.

"ಅಕ್ಕಾ, ಒಳಗೆಲ್ಲ ಸರಿಯಿದೆಯಾ?" ಸಹಾಯಕ ನಿರ್ದೇಶಕ ಮೈಕಿನಲ್ಲಿ ಕೇಳಿದ. ಅಕ್ಕನಿಗೆ ಕೇಳಿಸುತ್ತಿತ್ತು, ಉತ್ತರ ಕೊಡಲು ಮೈಕಿರಲಿಲ್ಲ. ಸಾಯಬೇಕಿದ್ದ ಕರಡಿ ಪಂಜವೆತ್ತಿ ಟಾಟಾ ಮಾಡಿತು. ಎಲ್ಲರೂ ನಕ್ಕರು.

"ಆ್ಯಕ್ಷನ್!"

ಕರಡಿಗೆ ಐದು ಉಸಿರು. ಐದನೆಯದಕ್ಕೆ ಪಂಜ ಕೆಳಗೆ ಬೀಳಬೇಕು, ಕಣ್ಣು ಮುಚ್ಚಬೇಕು. ಅಕ್ಕನ ಲೆಕ್ಕ ಎಂದರೆ ಲೆಕ್ಕ. ಹಿಂದಿನ ಮೂರು ಟೇಕುಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಾಗಿರಲಿಲ್ಲ. ಒಂದು. ಎರಡು. ಮೂರನೆಯದು ಅರ್ಧಕ್ಕೇ ತುಂಡಾಯಿತು. ಪಂಜ ನಡುಗುತ್ತ ಮೇಲೆದ್ದು ನಟನ ಕೋಟನ್ನು ಕೆರೆಯಿತು. ತಾಲೀಮಿನಲ್ಲಿ ಇದಿರಲಿಲ್ಲ. ತಂಗಿ ಮುಂದಕ್ಕೆ ಬಾಗಿದಳು. ಏನು ಮಾಡ್ತಿದ್ದಾಳೆ ಇವಳು? ಪಂಜ ನಟನ ಎದೆಗೆ ಬಡಿಯಿತು. ಮತ್ತೆ ಬಡಿಯಿತು. ನಟ ತನ್ನ ಮಾತು ಮರೆತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣಿಂದ ನಿಜವಾದ ನೀರು ಇಳಿಯಿತು. ನಿರ್ದೇಶಕ ನಿಲ್ಲಿಸಬೇಡಿ ಎಂದು ಕೈಯಾಡಿಸಿದ. ಅವನ ಮುಖ ಅರಳಿತ್ತು.

ತಂಗಿ ಹೆಬ್ಬೆರಳನ್ನು ರಿಮೋಟಿನ ಮೇಲೆಯೇ ಇಟ್ಟುಕೊಂಡಳು. ಅಕ್ಕ ಹೊಸದೇನೋ ಹಿಡಿದಿದ್ದಾಳೆ, ತಾನು ಕೆಡಿಸಬಾರದು. ಅವಳು ರೆಪ್ಪೆಯನ್ನು ಅರ್ಧ ಇಳಿಸಿದಳು. ಪಂಜ ಮೂರನೇ ಸಲ, ಮೆಲ್ಲಗೆ, ಬಡಿಯಿತು. ಆಮೇಲೆ ನಟನ ಕೈಯಿಂದ ಜಾರಿ ಮಂಜಿನೊಳಗೆ ಬಿತ್ತು. ತಂಗಿ ಮನಸ್ಸಿನಲ್ಲೇ ಎರಡು ಎಣಿಸಿ, ಕಣ್ಣನ್ನು ಒಂದೇ ಸಮನಾಗಿ, ನಿಧಾನವಾಗಿ ಮುಚ್ಚಿದಳು. ಇಡೀ ಸ್ಟುಡಿಯೋ ಉಸಿರು ಬಿಗಿಹಿಡಿದಿತ್ತು. ಲೈಟಿನವನು ತೋಳಿನಿಂದ ಮೂಗು ಒರೆಸಿಕೊಂಡ.

ಮಂಜು ಕೊಂಚ ಸರಿಯಿತು. ಪಂಜ ಮೇಲ್ಮುಖವಾಗಿ ಬಿದ್ದಿತ್ತು. ಅಂಗೈಯ ಉದ್ದಕ್ಕೂ ಕರಿದಾರದ ಹೊಲಿಗೆ ಕಾಣುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅಕ್ಕ ಯಾವ ಗೊಂಬೆಯ ಹೊಲಿಗೆಯನ್ನೂ ಕ್ಯಾಮೆರಾಗೆ ತೋರಿಸಿದವಳಲ್ಲ.

"ಕಟ್! ಕಟ್ ಮಾಡ್ರೋ!" ತಂಗಿ ರಿಮೋಟು ಎಸೆದು ಓಡಿದಳು. ನಟನನ್ನು ತಳ್ಳಿ, ಕರಡಿಯ ಪಕ್ಕದ ಹಲಗೆಗೆ ಉಗುರು ಹಾಕಿ ಕಿತ್ತಳು. ಗುಂಡಿಯ ತುಂಬ ಹೊಗೆ ಹಾಲಿನ ಹಾಗೆ ಅಂಚಿನವರೆಗೂ ನಿಂತಿತ್ತು. ಅದರೊಳಗೆ ತಡಕಾಡಿದಾಗ ಅಕ್ಕನ ಜಡೆ ಸಿಕ್ಕಿತು. ಲೈಟಿನವನೂ ನಟನೂ ಸೇರಿ ಕರಡಿಯ ಹೊಟ್ಟೆ ಹರಿದು, ಪಟ್ಟಿ ಬಿಗಿದಿದ್ದ ಅವಳ ಕೈಗಳನ್ನು ಬಿಡಿಸಿ, ಮೇಲೆಳೆದರು. ತುಟಿ ನೀಲಿಗಟ್ಟಿತ್ತು. ಬಾಗಿಲಾಚೆ ಬಯಲಿಗೆ ಹೊತ್ತು ತಂದು, ತಂಗಿ ಕೆನ್ನೆ ತಟ್ಟುತ್ತ "ಅಕ್ಕಾ, ಅಕ್ಕಾ" ಎಂದು ಅಳುತ್ತಿರುವಾಗ ಅಕ್ಕ ಗೊರಕ್ಕನೆ ಗಾಳಿ ಎಳೆದುಕೊಂಡು ಕೆಮ್ಮಿದಳು.

ಡಾಕ್ಟರು ಬಂದು, ಮೂಗಿಗೆ ಆಮ್ಲಜನಕವಿಟ್ಟು, ಇನ್ನು ಭಯವಿಲ್ಲ ಎಂದು ಹೋದ ಮೇಲೆ ನಿರ್ದೇಶಕ ಬಂದ. ಕೈಯಲ್ಲಿ ಟ್ಯಾಬ್ ಇತ್ತು. ಮೇಕಪ್ ಕೋಣೆಯಲ್ಲಿ ಅಕ್ಕನನ್ನು ಮಲಗಿಸಿದ್ದ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ತಪ್ಪು ನನ್ದೇ ಅಕ್ಕಾ. ಆದ್ರೆ... ಆ ಟೇಕು..."

"ನಾಚಿಕೆ ಆಗಲ್ವೇನ್ರಿ ನಿಮ್ಗೆ?" ತಂಗಿ ಎದ್ದು ನಿಂತಳು. "ಪ್ರಾಣ ಹೋಗ್ತಿತ್ತು ಅವ್ಳದ್ದು!"

ಅಕ್ಕ ಕೈ ಚಾಚಿದಳು. "ಕೊಡಿ ಇಲ್ಲಿ."

ಒಂದು ಸಲ ನೋಡಿದಳು. ಮತ್ತೊಮ್ಮೆ ಹಾಕಿ ನೋಡಿದಳು. "ಈ ಟೇಕೇ ಇಟ್ಕೊಳ್ಳಿ," ಎಂದು ಟ್ಯಾಬ್ ವಾಪಸು ಕೊಟ್ಟಳು. ನಿರ್ದೇಶಕ ಕೈ ಮುಗಿದು, ಬೆನ್ನು ಬಗ್ಗಿಸಿಕೊಂಡೇ ಹೊರಟುಹೋದ.

ತಂಗಿ ಹೊದಿಕೆ ಸರಿಪಡಿಸಲು ಬಾಗಿದಳು. ಅಕ್ಕ ಮಾಡಿನತ್ತಲೇ ನೋಡುತ್ತಿದ್ದಳು.

"ಕೂಗೋಣ ಅಂದ್ರೆ ಗಂಟಲು ಕಟ್ಕೊಂಡ್ತು. ಮೂರು ಸಲ ಬಡಿದೆ ಕಣೇ ನಾನು."

"ಗೊತ್ತಾಗ್ಲಿಲ್ಲ ಅಕ್ಕಾ. ಅಮ್ಮನಾಣೆ ಗೊತ್ತಾಗ್ಲಿಲ್ಲ. ನೀನೇ ಏನೋ ಹೊಸದು ಮಾಡ್ತಿದ್ದೀಯ ಅಂದ್ಕೊಂಡೆ."

ಅಕ್ಕ ಮುಖ ತಿರುಗಿಸಿ ಅವಳನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಾಗ್ದೇನೇ ಅಷ್ಟು ಚೆನ್ನಾಗಿ ಕಣ್ಣು ಮುಚ್ಚಿದ್ಯಾ?"