ಹಾಡಿಲ್ಲದ ಬದಿ

"ಹಾಡು ಬೇಡ, ಮಿಸ್ ಐಸಿ. ಮಗುಚಿ ಹಾಕಿ," ಎಂದ ಹೋಪ್ಟನ್.

ರೆಕಾರ್ಡಂಗಡಿಯ ಐಸಿಲ್ಡಾ ರೆಕಾರ್ಡನ್ನು ಮಗುಚಿದಳು. ಮುಂಬದಿಗೆ ಹಾಡು, ಹಿಂಬದಿಗೆ ಅದೇ ಹಾಡಿನ ಬರೀ ವಾದ್ಯ, ಅಂದರೆ ರಿದಂ. ಬೇರೆ ಡಿಜೆಗಳಿಗೆ ಎರಡೂ ಬೇಕು. ಇವನಿಗೆ ಹಿಂಬದಿಯೊಂದೇ ಸಾಕು. ಅದೂ ಗೀರು ಬಿದ್ದಿರಬಾರದು, ಸವೆದಿರಬಾರದು, ಬೇಸ್ ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು. ಸಂತೆಯಲ್ಲಿ ಮೀನು ಕೊಳ್ಳುವವರೂ ಇಷ್ಟು ತಕರಾರು ತೆಗೆಯಲಿಕ್ಕಿಲ್ಲ.

ಮೊದಮೊದಲು ಅವಳಿಗೆ ಅನುಮಾನವಿತ್ತು. ಒಳ್ಳೆಯ ರಿದಂ ಹುಡುಕಿ ಕದ್ದು ನಕಲು ಮಾಡುವವರಿಗೆ ಕಿಂಗ್‌ಸ್ಟನ್ನಿನಲ್ಲಿ ಬರವಿರಲಿಲ್ಲ. ಇವನೋ ಮೇ ಪೆನ್ ಎಂಬ ಊರಿನಿಂದ ಪ್ರತಿ ಶುಕ್ರವಾರ ಬಸ್ಸಿನಲ್ಲಿ ಬರುವವನು. ತನ್ನ ಬಗ್ಗೆ ಬಾಯಿ ಬಿಡುವವನಲ್ಲ.

ಅನುಮಾನ ಕರಗಿದ್ದು ಅವನ ನೋಟದಿಂದ. ಎದುರು ನಿಂತು ಮಾತಾಡಿದರೆ ಅವಳ ತುಟಿಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಗಂಡ ಎಗ್ಬರ್ಟ್ ತೀರಿಕೊಂಡ ಮೇಲೆ ಯಾವ ಗಂಡಸೂ ಅವಳನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಎಗ್ಬರ್ಟನೂ ನೋಡಿರಲಿಲ್ಲ.

"ಹಾಡೋರೇ ಇಲ್ದೆ ಅದೇನು ಕುಣಿಸ್ತೀರೋ! ಜನ ನಿಂತಲ್ಲೇ ನಿದ್ದೆ ಹೋಗ್ತಾರೆ," ಎಂದು ಒಮ್ಮೆ ಛೇಡಿಸಿದ್ದಳು.

"ಹಾಡೋರಿಂದ ನನಗೇನೂ ಉಪಯೋಗ ಇಲ್ಲ, ಮಿಸ್ ಐಸಿ. ಎರಡು ರಿದಂ ಒಂದರ ಮೇಲೊಂದು ಸರಿಯಾಗಿ ಕೂತರೆ ಜನ ತಾವೇ ಹಾಡ್ಕೋತಾರೆ."

ರೆಕಾರ್ಡು ತಿರುಗಲು ಶುರುವಾದರೆ ಅವನು ಅವಳಿಗೆ ಬೆನ್ನು ಹಾಕಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೆ ಅಂಗೈ ಒತ್ತಿ, ಹಣೆ ಆನಿಸಿ ನಿಲ್ಲುವನು. ಅಂಗಡಿಯಿದ್ದ ಆರೆಂಜ್ ಸ್ಟ್ರೀಟಿನಲ್ಲಿ ಅದಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಬೇಸನ್ನು ಬರೀ ಕಿವಿಯಿಂದ ಅಳೆಯುವವನನ್ನು ಅಲ್ಲಿ ಡಿಜೆ ಎನ್ನುವುದೇ ಇಲ್ಲ. ಎಲ್ಲರೂ ಪೆಟ್ಟಿಗೆ ಮುಟ್ಟಿ ನೋಡಿಯೇ ರೆಕಾರ್ಡು ಕೊಳ್ಳುವವರು.

ಆ ಬೆನ್ನಿನ ಜೊತೆ ಐಸಿಲ್ಡಾ ಮಾತಾಡಲು ಕಲಿತಳು. ಮುಖಕ್ಕೆ ಹೇಳಲಾಗದ್ದನ್ನು ಬೆನ್ನಿಗೆ ಹೇಳುವುದು ಸುಲಭ. ಒಬ್ಬಳಿಗೆಂದು ಅಡಿಗೆ ಮಾಡಲು ಬೇಜಾರಾಗಿ ಪಾತ್ರೆಯಿಂದಲೇ ತಿನ್ನುವುದು, ಮನೆಯಲ್ಲಿ ಮಾತಿನ ಸದ್ದಿರಲಿ ಎಂದು ರೇಡಿಯೊ ಹಾಕಿಟ್ಟೇ ಮಲಗುವುದು, ಎಲ್ಲ ಹೇಳಿದಳು. ಅವನ ತಲೆ ನಿಧಾನಕ್ಕೆ ಹೌದು ಹೌದು ಎಂದು ಆಡುತ್ತಿತ್ತು. ನಡುವೆ ಬಾಯಿ ಹಾಕದೆ ಇಷ್ಟು ಕೇಳಿಸಿಕೊಳ್ಳುವ ಗಂಡಸೂ ಇರುತ್ತಾನಲ್ಲ ಎಂದು ಅವಳ ಕಣ್ಣು ತುಂಬಿ ಬರುತ್ತಿತ್ತು.

ನಾಳೆ ಮೇ ಪೆನ್‌ನಲ್ಲಿ ಅವನಿಗೂ ಇನ್ನೊಬ್ಬ ಡಿಜೆ ಫಿಟ್ಜಿಗೂ ಪಂದ್ಯ. ಇಬ್ಬರೂ ಎದುರುಬದುರು ಪೆಟ್ಟಿಗೆ ಪೇರಿಸಿ ರೆಕಾರ್ಡು ಹಾಕುವುದು, ಸೋತವನು ಬಾಯಿ ಮುಚ್ಚಿಕೊಂಡು ತಂತಿ ಸುತ್ತುವುದು. ಸೋತರೆ ಇನ್ನು ಯಾರೂ ಕರೆಯುವುದಿಲ್ಲ ಎಂದಿದ್ದ ಹೋಪ್ಟನ್. ಅವನಿಗೆ ಬೇಕಾಗಿದ್ದ ಹಳೆಯ ರಿದಂ ಎಲ್ಲಿ ಸಿಕ್ಕರೂ ಸವೆದೇ ಸಿಗುತ್ತಿತ್ತು. ಸೂಜಿ ತಾಗದ ಒಂದು ಪ್ರತಿ ಐಸಿಲ್ಡಾಳ ಕಪಾಟಿನಲ್ಲಿತ್ತು. ಅದರಲ್ಲಿ ಡ್ರಮ್ ಬಾರಿಸಿದವನು ಎಗ್ಬರ್ಟ್. ಕೇಳಿದವರಿಗೆಲ್ಲ ಇಲ್ಲವೆಂದಿದ್ದಳು. ಇವತ್ತು ಇವನಿಗೆ ಕೊಡುವುದೆಂದು ನಿಶ್ಚಯಿಸಿದ್ದಳು. ಆದರೆ ಮೊದಲು ಒಂದು ಮಾತು ಕೇಳಬೇಕಿತ್ತು.

ಅಂಗಡಿಯಲ್ಲಿದ್ದ ಅದೇ ರಿದಂನ ಸವೆದ ಪ್ರತಿ ತಿರುಗಿ ಮುಗಿಯಿತು. ಸದ್ದು ನಿಂತಿತು. ಅವನಿನ್ನೂ ಪೆಟ್ಟಿಗೆಗೆ ಒರಗಿಯೇ ಇದ್ದ.

"ಹೋಪ್ಟನ್, ಭಾನುವಾರ ಊಟಕ್ಕೆ ಬರ್ತೀರಾ?" ಎಂದಳು ಆ ಬೆನ್ನಿಗೆ. "ತೊಗರಿಕಾಳು ಹಾಕಿ ತೆಂಗಿನಹಾಲಲ್ಲಿ ಅನ್ನ ಮಾಡ್ತೀನಿ. ಬರೀ ಊಟಕ್ಕಲ್ಲ. ಇಷ್ಟ ಇದ್ರೆ... ಇದ್ದುಬಿಡಿ."

ಬೆನ್ನು ಅಲುಗಲಿಲ್ಲ. ತಲೆಯೂ ಆಡಲಿಲ್ಲ. ಆಮೇಲೆ ಅವನು ತಿರುಗಿ, ಅವಳ ಮುಖವನ್ನೇ ನೋಡುತ್ತ, "ಇದು ಸವೆದುಹೋಗಿದೆ, ಮಿಸ್ ಐಸಿ. ಬೇರೆ ಇಲ್ವಾ?" ಎಂದ.

ಐವತ್ತು ದಾಟಿದ ಹೆಂಗಸಿನ ಮೈಯೆಲ್ಲ ಉರಿದುಹೋಯಿತು. ಬರುವುದಿಲ್ಲ ಅಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಕೇಳಿಯೇ ಇಲ್ಲವೆಂಬಂತೆ ನಿಂತಿದ್ದಾನಲ್ಲ!

"ಇಲ್ಲ," ಎಂದಳು. "ನಿಮಗೆ ಕೊಡೋಂಥದ್ದು ಏನೂ ಇಲ್ಲ."

ಅವನ ಮುಖ ಬಾಡಿತು. ಟೋಪಿ ಹಾಕಿಕೊಂಡು ಹೊರಟುಹೋದ.

ಮಧ್ಯಾಹ್ನ ಫಿಟ್ಜಿ ಹಲ್ಲು ಕಿರಿಯುತ್ತ ಬಂದ. ಅವನು ಬಾಯಿ ತೆರೆಯುವ ಮೊದಲೇ ಐಸಿಲ್ಡಾ ಕಪಾಟು ತೆರೆದು ಎಗ್ಬರ್ಟನ ರೆಕಾರ್ಡನ್ನು ಅವನ ಕೈಗಿಟ್ಟಳು.

"ತಗೋ. ನಾಳೆ ಆ ಹೋಪ್ಟನ್ ಮುಖ ಎತ್ತಬಾರದು, ಹಾಗೆ ಸೋಲಿಸು."

ಫಿಟ್ಜಿಗೆ ನಂಬಲಾಗಲಿಲ್ಲ. ರೆಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿ ಗಬಕ್ಕನೆ ಚೀಲಕ್ಕೆ ಸೇರಿಸಿದ. "ಅಯ್ಯೋ ತಾಯಿ, ಇಷ್ಟು ಸಿಟ್ಟು ಬರೋ ಹಾಗೆ ಅವನೇನು ಮಾಡಿದ?"

"ಏನೂ ಮಾಡ್ಲಿಲ್ಲ. ಮನುಷ್ಯರು ಮಾತಾಡಿದ್ರೆ ಉತ್ತರ ಕೊಡಬೇಕು ಅನ್ನೋ ಮರ್ಯಾದೆ ಇಲ್ಲ. ಗೋಡೆ ಥರ ಬೆನ್ನು ತಿರುಗಿಸಿ ನಿಲ್ತಾನೆ."

ಫಿಟ್ಜಿಯ ನಗು ನಿಂತಿತು. ಬೀದಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಹೊರಗೆ ಯಾರಿಗೂ ಹೇಳ್ಬೇಡಿ, ಮಿಸ್ ಐಸಿ, ಪಾಪ ಅವನ ಅನ್ನ ಹೋಗತ್ತೆ: ಈ ಪೆಟ್ಟಿಗೆಗಳ ಪಕ್ಕ ನಿಂತು ನಿಂತು ಅವನ ಎರಡು ಕಿವಿನೂ ಹೋಗಿ ಎಷ್ಟೋ ವರ್ಷ ಆಯ್ತು, ಎದುರಿಗಿದ್ದೋರ ತುಟಿ ನೋಡಿದ್ರೆ ಮಾತ್ರ ಅವನಿಗೆ ಮಾತು ತಿಳಿಯೋದು."